ಎರಡೆರಡು ಚಂದಮಾಮ ಇಟ್ಟುಕೊಂಡ ಅಳಿಯನಿಗೆ

ಅಳಿಯಾ,

ಹೈದರಾಬಾದಿನ ಬಾಡಿಗೆ ಮನೆ ಬಿಡುವಾಗ ಪುಸ್ತಕದ ಪೆಟ್ಟಿಗೆಗಳನ್ನೆಲ್ಲ ಕೊಡಂಗಲ್‌ಗೆ ತಂದು ಅವ್ವನ ಮನೆಯಲ್ಲಿ ಇಡುತ್ತೀಯಂತೆ. ಇಡು, ಜಾಗಕ್ಕೇನೂ ಬರವಿಲ್ಲ. ಆದರೆ ಅವುಗಳಲ್ಲಿ ಅರ್ಧಕ್ಕರ್ಧ ಒಂದೇ ಪುಸ್ತಕದ ಎರಡು, ಮೂರು ಪ್ರತಿಗಳು ಎಂದು ನಿಮ್ಮವ್ವ ಹೇಳಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಅಂಥವನ್ನು ಇಲ್ಲಿಗೆ ಹೊತ್ತು ತರಬೇಡ. ಬಸ್‌ಸ್ಟ್ಯಾಂಡಿನ ಹತ್ತಿರ ಪಠ್ಯಪುಸ್ತಕ, ನೋಟ್‌ಬುಕ್ಕು, ವಾರಪತ್ರಿಕೆ ಮಾರಿ ಸಂಸಾರ ಸಾಗಿಸಿದವನು ನಾನು. ಮಾರಾಟವಾಗುವ ಪುಸ್ತಕವನ್ನು ಯಾರು ಬೇಕಾದರೂ ಮಾರುತ್ತಾರೆ. ಉಳಿದದ್ದನ್ನು ಸಾಗಹಾಕುವುದೇ ನಿಜವಾದ ವ್ಯಾಪಾರ. ಆ ಅನುಭವದ ಮೇಲೆ ನಾಲ್ಕು ಮಾತು ಹೇಳುತ್ತೇನೆ, ಕೇಳು.

ಎರಡನೆಯ ಪ್ರತಿಯನ್ನು ಯಾರೂ ಬೇಕೆಂದು ಕೊಳ್ಳುವುದಿಲ್ಲ. ಅದು ಬೇರೆಯದರ ಬೆನ್ನು ಹತ್ತಿ ಬರುತ್ತದೆ. ನಿನ್ನ ಸಾಲಿನಲ್ಲಿ ಚಂದಮಾಮ ಪತ್ರಿಕೆಯ ಒಂದು ತಿಂಗಳ ಸಂಚಿಕೆ ಇರುವುದಿಲ್ಲ. ಭಾನುವಾರ ಅಬಿಡ್ಸ್ ಫುಟ್‌ಪಾತಿನಲ್ಲಿ ಅದು ಕಣ್ಣಿಗೆ ಬೀಳುತ್ತದೆ, ಆದರೆ ಹುರಿ ಬಿಗಿದ ಕಟ್ಟಿನ ಒಳಗೆ. ಬಿಡಿಯಾಗಿ ಕೊಡು ಅಂದರೆ ಮಾರುವವನು ಒಪ್ಪುವುದಿಲ್ಲ. ಕಟ್ಟಿಗೆ ಕಟ್ಟೇ ಮನೆಗೆ ಬರುತ್ತದೆ: ಬೇಕಾದದ್ದು ಒಂದು, ಮನೆಯಲ್ಲಿ ಮೊದಲೇ ಇದ್ದದ್ದು ಇಪ್ಪತ್ತು. ಇದರಲ್ಲಿ ನಿನ್ನ ತಪ್ಪೇನೂ ಇಲ್ಲ, ಸಂಗ್ರಹ ಬೆಳೆಯುವ ರೀತಿಯೇ ಅದು. ಆದರೆ ಆ ಇಪ್ಪತ್ತನ್ನೂ ‘ಮುಂದೆ ಬೆಲೆ ಬಂದೀತು’ ಎಂದು ಒಳಗಿಡುತ್ತೀಯಲ್ಲ, ನನ್ನ ತಕರಾರು ಅದಕ್ಕೆ.

ಬೆಲೆ ಬರುವುದಿಲ್ಲ. ಯಾಕೆಂದು ಬಿಡಿಸಿ ಹೇಳಬೇಕು, ಏಕೆಂದರೆ ನಿನ್ನ ವಾರಗೆಯವರ ತಲೆಯಲ್ಲಿ ಅಮೆರಿಕದ ಸುದ್ದಿ ಕೂತುಬಿಟ್ಟಿದೆ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ ‘ಆಕ್ಷನ್ ಕಾಮಿಕ್ಸ್’ ಮೊದಲ ಸಂಚಿಕೆ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡದ್ದು, 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಖರೆ. ಆ ಬೆಲೆ ಹೇಗೆ ಬಂತು? ಅಂದಿನ ಮಕ್ಕಳು ಅದನ್ನು ಓದಿದರು, ಹರಿದರು, ಎಸೆದರು. ಎರಡನೇ ಮಹಾಯುದ್ಧದ ಕಾಲದಲ್ಲಿ ಹಳೆ ಕಾಗದ ಕೂಡಿಸಿ ಕೊಡಿ ಎಂದು ಸರಕಾರ ಕೇಳಿದಾಗ ಕಾಮಿಕ್ಸ್‌ಗಳೂ ರಾಶಿರಾಶಿ ಹೋದವು. ಇವತ್ತಿಗೆ ಉಳಿದಿರುವುದು ಸುಮಾರು ನೂರು ಪ್ರತಿ ಎಂದು ಅಂದಾಜು. ಈಗ 1991ಕ್ಕೆ ಬಾ. ‘ಎಕ್ಸ್-ಮೆನ್’ ಹೊಸ ಸಾಲಿನ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಗಿ ಗಿನ್ನೆಸ್ ದಾಖಲೆಗೆ ಸೇರಿತು. ಒಂದೇ ಕಥೆಗೆ ಬೇರೆ ಬೇರೆ ಮುಖಪುಟ ಹಚ್ಚಿ ಬಿಟ್ಟಿದ್ದರು. ಜನ ಎಲ್ಲ ಬಗೆಯದನ್ನೂ ಕೊಂಡು, ಓದದೆ, ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ಇಟ್ಟರು. ಯಾರೂ ಎಸೆಯಲಿಲ್ಲ, ಅದಕ್ಕೇ ಅದು ಇವತ್ತಿಗೂ ಪುಡಿಗಾಸಿಗೆ ಸಿಗುತ್ತದೆ. ಊರೆಲ್ಲ ತೊಗರಿ ಚೆನ್ನಾಗಿ ಬಂದ ವರ್ಷ ತಾಂಡೂರ ಮಾರ್ಕೆಟ್ ಯಾರ್ಡಿನಲ್ಲಿ ಧಾರಣೆ ಏನಾಗುತ್ತದೆ ಎಂದು ರೈತರ ಮನೆಯ ನಿನಗೆ ನಾನು ಹೇಳಬೇಕಾಗಿಲ್ಲ.

ನಮ್ಮ ಪುಸ್ತಕಗಳದ್ದೂ ಇದೇ ಲೆಕ್ಕ. ಅಮರ ಚಿತ್ರಕಥೆ ತೆಗೆದುಕೋ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಕಟ್ಟಿದ ಮಾಲಿಕೆ ಅದು. ಒಂದೊಂದು ಕಥೆಯೂ ಎಷ್ಟೋ ಸಲ ಮರುಮುದ್ರಣಗೊಂಡು ಮನೆಮನೆಗೆ ಹೋಗಿದೆ. ಆಮೇಲಿನ ಡಿಲಕ್ಸ್ ಮುದ್ರಣಗಳಿಗೆ 501ರಿಂದ ಹೊಸ ಸಂಖ್ಯೆಯನ್ನೇ ಕೊಟ್ಟರು. ನಿನ್ನ ಪೆಟ್ಟಿಗೆಯಲ್ಲಿ ಅಂಥವು ಮೂರು ಮೂರಿದ್ದರೆ ಎರಡನ್ನು ಕಣ್ಣು ಮುಚ್ಚಿ ತೆಗೆ. ಆದರೆ ಒಂದು ಎಚ್ಚರಿಕೆ. ಇಂಗ್ಲಿಷ್ ಸಾಲಿನಲ್ಲಿ ‘ಕೃಷ್ಣ’ನ ಸಂಖ್ಯೆ 11. ಮೊದಲ ಹತ್ತು ಸಂಖ್ಯೆ ಪರದೇಶದ ಕಿನ್ನರ ಕಥೆಗಳಿಗೆ ಸಂದಿದ್ದವು, ಸಿಂಡ್ರೆಲ್ಲಾ ಮುಂತಾದವುಗಳಿಗೆ. ಅವು 1965ರ ಸುಮಾರಿಗೆ ಬೆಂಗಳೂರಿನಲ್ಲಿ ಜಿ.ಕೆ. ಅನಂತರಾಮ್ ಅವರ ಉತ್ಸಾಹದಿಂದ ಕನ್ನಡದಲ್ಲೇ ಬಂದಂಥವು. ಅಂಥದ್ದು ಕೈಗೆ ಸಿಕ್ಕರೆ, ಹೊದಿಕೆ ಹೋಗಿದ್ದರೂ ಸರಿ, ಎರಡಿದ್ದರೂ ಸರಿ, ಅವಸರ ಮಾಡಬೇಡ. 1964ರಿಂದ 1990ರವರೆಗೆ ಬಂದ ಇಂದ್ರಜಾಲ ಕಾಮಿಕ್ಸಿನ ಹಳೆಯ ಸಂಚಿಕೆಗಳಿಗೂ ಹಣ ಕೊಟ್ಟು ಕೊಳ್ಳುವವರು ಇನ್ನೂ ಇದ್ದಾರೆ. ಉಳಿದವಕ್ಕೆ ಬೆಲೆ ಹುಡುಕುತ್ತಾ ಕೂರುವುದು ಹೊತ್ತು ಕಳೆಯುವ ಕೆಲಸ.

ಎರಡರಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಮುಖಪುಟ ನೋಡಿ ನಿರ್ಧರಿಸಬೇಡ. ನಡುಪುಟ ತೆರೆದು ಪಿನ್ನು ನೋಡು. ತುಕ್ಕು ಹಿಡಿದ ಪಿನ್ನಿನ ಸುತ್ತ ಕಾಗದ ಕಂದಾಗಿ, ಮುಟ್ಟಿದರೆ ಅಲ್ಲಿಯೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಅಂಚು. ಅಗ್ಗದ ಕಾಗದ ಬಿಸಿಲಿಗೆ ಅಂಚಿನಿಂದ ಹಳದಿಯಾಗುತ್ತಾ ಒಳಗೆ ಬರುತ್ತದೆ. ಒಂದು ಮೂಲೆ ಮಡಚಿದಾಗ ಟಪ್ ಎಂದು ಮುರಿದರೆ ಆ ಪ್ರತಿಗೆ ಆಯುಸ್ಸು ಇಲ್ಲ. ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಿಂದ ಬಂದ ಪ್ರತಿಗಳು ನಿನ್ನ ಹತ್ತಿರ ಇದ್ದೇ ಇರುತ್ತವೆ: ಹೊದಿಕೆಯ ಹಿಂದೆ ಖಾಕಿ ಕಾಗದ ಅಂಟಿಸಿ, ಬೆನ್ನಿಗೆ ದಪ್ಪ ದಾರದ ಹೊಲಿಗೆ ಹಾಕಿ, ಮೂರನೆಯ ಪುಟದಲ್ಲಿ ರಾಜನ ಮುಖದ ಮೇಲೆಯೇ ನೇರಳೆ ಬಣ್ಣದ ದುಂಡು ಮುದ್ರೆ ಒತ್ತಿರುತ್ತಾರೆ. ಸಂಗ್ರಹ ಮಾಡುವವರು ಅದನ್ನು ಮುಟ್ಟುವುದಿಲ್ಲ. ನಾನಂತೂ ಮಕ್ಕಳಿಗೆ ಕೊಡಲು ಅದನ್ನೇ ಆರಿಸುತ್ತೇನೆ. ಬೇಸಿಗೆ ರಜೆಯಲ್ಲಿ ನೂರು ಕೈ ದಾಟಿಯೂ ಹೊಲಿಗೆ ಬಿಟ್ಟಿರುವುದಿಲ್ಲ. ಇನ್ನೊಂದು ಮಾತು. ಒಂದರ ಹೊದಿಕೆ ಬಿಚ್ಚಿ ಇನ್ನೊಂದಕ್ಕೆ ಹಚ್ಚಿ ಒಂದು ಒಳ್ಳೆ ಪ್ರತಿ ಮಾಡಿಕೊಳ್ಳುವವರಿದ್ದಾರೆ. ಮಾಡಿಕೋ, ಬೇಡ ಅನ್ನುವುದಿಲ್ಲ. ಆದರೆ ಅದನ್ನು ಮಾರುವ ದಿನ ಬಂದರೆ ಬಾಯಿ ಬಿಟ್ಟು ಹೇಳಿ ಮಾರು. ಸೆಲೋ ಟೇಪ್ ಮಾತ್ರ ಯಾವುದಕ್ಕೂ ಅಂಟಿಸಬೇಡ, ಕೆಲವೇ ವರ್ಷಕ್ಕೆ ಅದರ ಗೋಂದು ಕಾಗದವನ್ನೇ ತಿನ್ನುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇದನ್ನು ಬೆಂಗಳೂರಿನವರು ನಿನಗೆ ಹೇಳಲಾರರು, ಹೈದರಾಬಾದಿನವರೂ ಹೇಳಲಾರರು.

ಚಂದಮಾಮ ಮದ್ರಾಸಿನಲ್ಲಿ 1947ರ ಜುಲೈನಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಹುಟ್ಟಿತು, ಕನ್ನಡಕ್ಕೆ 1949ರಲ್ಲಿ ಬಂತು. ನಾಗಿರೆಡ್ಡಿ–ಚಕ್ರಪಾಣಿ ಜೋಡಿ, ‘ಮಾಯಾಬಜಾರ್’ ಸಿನಿಮಾ ತೆಗೆದವರೇ, ಅದರ ಯಜಮಾನರು. ಎಲ್ಲ ಭಾಷೆಗೂ ಅವವೇ ಕಥೆ, ಅವವೇ ಚಿತ್ರ. ಅಕ್ಷರ ಮಾತ್ರ ಬೇರೆ. ನಮ್ಮೂರಿಗೆ ಎರಡೂ ಬರುತ್ತಿದ್ದವು. ಬರಲೇಬೇಕಿತ್ತಲ್ಲ! 1956ರ ನವೆಂಬರ್ 1ರ ತನಕ ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯ ತಾಲೂಕು. ರಾಜ್ಯ ವಿಂಗಡಣೆಯಲ್ಲಿ ನಾವು ಮಹಬೂಬನಗರಕ್ಕೆ ಹೋದೆವು, ಪಕ್ಕದ ತಾಂಡೂರು ಹೈದರಾಬಾದ್ ಜಿಲ್ಲೆಗೆ ಹೋಯಿತು, ಬೀದರಿನ ನಾರಾಯಣಖೇಡ, ಜಹೀರಾಬಾದುಗಳು ಮೇದಕ್ ಪಾಲಾದವು. 2016ರಿಂದ ನಮ್ಮದು ವಿಕಾರಾಬಾದ್ ಜಿಲ್ಲೆ. ಕಚೇರಿ ಬದಲಾಯಿತು, ಶಾಲೆಯ ಭಾಷೆ ಬದಲಾಯಿತು. ಸೊಸೆಯರು ಸೇಡಂ, ಗುರುಮಠಕಲ್ ಕಡೆಯಿಂದ ಬರುವುದು ನಿಲ್ಲಲಿಲ್ಲ. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ತೆಲುಗು ಚಂದಮಾಮ ಓದುತ್ತಿದ್ದ, ಅತ್ತಿಗೆ ಕನ್ನಡದ್ದು ಓದುತ್ತಿದ್ದಳು.

ಪೆಟ್ಟಿಗೆ ತೆರೆದವನೇ ನೀನು ಈ ಎರಡನ್ನೂ ‘ಡಬಲ್’ ಎಂದು ಒಂದೇ ರಾಶಿಗೆ ಹಾಕಿದ್ದೀ ಎಂದು ನನ್ನ ಗುಮಾನಿ. ಮುಖಪುಟ ಒಂದೇ ಆದರೆ ಹಾಗೆ ಅನ್ನಿಸುವುದು ಸಹಜ. ಅವನ್ನು ವಾಪಸು ತೆಗೆ. ಒಂದೇ ತಿಂಗಳ ತೆಲುಗು, ಕನ್ನಡ ಸಂಚಿಕೆಗಳನ್ನು ಒಟ್ಟಿಗೆ ದಾರ ಕಟ್ಟಿ ಬೇರೆ ಇಡು. ಅವು ನಿನ್ನ ಮಗಳಿಗೆ.

2018ರ ಕಾನೂನು ಬಂದ ಮೇಲೆ ತೆಲಂಗಾಣದ ಶಾಲೆಯಲ್ಲಿ ತೆಲುಗು ಕಡ್ಡಾಯ. ಅವಳು ತೆಲುಗು ಸರಾಗವಾಗಿ ಓದುತ್ತಾಳೆ. ಕನ್ನಡ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಹೌದಿಲ್ಲೊ? ಅವಳಿಗೆ ‘ಅ, ಆ’ದಿಂದ ಶುರು ಮಾಡಿಸಬೇಡ, ಎರಡೂ ಚಂದಮಾಮ ಅಕ್ಕಪಕ್ಕ ಬಿಚ್ಚಿಡು. ಎರಡು ಲಿಪಿಯೂ ಒಂದೇ ತಾಯಿಯ ಮಕ್ಕಳು. ಗ, ಜ, ದ, ನ, ಬ, ರ, ಲ ಅಕ್ಷರಗಳನ್ನು ಅವಳು ಹೇಳಿಕೊಡದೆಯೇ ಗುರುತಿಸುತ್ತಾಳೆ. ಕ, ತ, ಶ ಹತ್ತಿರ ತಡವರಿಸುತ್ತಾಳೆ. ತೆಲುಗಿನದನ್ನು ನೋಡಿ ತಾನೇ ಊಹಿಸಲಿ. ಅರ್ಕಾವೊತ್ತನ್ನು ಮಾತ್ರ ನೀನೇ ಕೂತು ತೋರಿಸಬೇಕು. ‘ಧರ್ಮ’, ‘ಅರ್ಜುನ’ ಎಂದು ಬರೆಯುವಾಗ ನಮ್ಮಲ್ಲಿ ಆ ಗುರುತು ಅಕ್ಷರದ ಬಲಕ್ಕೆ ಬರುತ್ತದೆ, ಓದುವುದು ಮಾತ್ರ ಮೊದಲು. ಈಗಿನ ತೆಲುಗಿನಲ್ಲಿ ರಕಾರವನ್ನೇ ಮೊದಲು ಬರೆದು ಮುಂದಿನದನ್ನು ಒತ್ತಾಗಿ ಕೆಳಗೆ ಕೊಡುತ್ತಾರೆ. ಮಕ್ಕಳು ಎಡವುವುದು ಇಲ್ಲಿಯೇ.

ಯಾವ ಪುಟದಿಂದ ಶುರು ಮಾಡಬೇಕು ಎಂದು ಕೇಳಿದರೆ, ಬೇತಾಳ ಕಥೆಯಿಂದ. ಪ್ರತಿ ಸಂಚಿಕೆಯಲ್ಲೂ ಹೊಸ ಕಥೆ, ಆದರೆ ಹೊರಗಿನ ಚೌಕಟ್ಟು ಅದೇ: ರಾಜ ಮರದಿಂದ ಶವ ಇಳಿಸಿ ಹೆಗಲಿಗೆ ಹಾಕಿಕೊಳ್ಳುತ್ತಾನೆ, ಒಳಗಿನ ಬೇತಾಳ ಮಾತಾಡುತ್ತದೆ, ಕೊನೆಗೆ ಮತ್ತೆ ಮರಕ್ಕೇ ಹೋಗುತ್ತದೆ. ಮೊದಲ, ಕೊನೆಯ ಸಾಲುಗಳು ಸಂಚಿಕೆಯಿಂದ ಸಂಚಿಕೆಗೆ ಹೆಚ್ಚು ಬದಲಾಗುವುದಿಲ್ಲ. ನಾಲ್ಕೈದು ಸಂಚಿಕೆ ಆಗುವಷ್ಟರಲ್ಲಿ ಮಗು ಅವನ್ನು ಕಣ್ಣಿನಿಂದಲೇ ಓದಿಬಿಡುತ್ತದೆ, ಕನ್ನಡ ಬಂತು ಎಂಬ ಧೈರ್ಯ ಹುಟ್ಟುತ್ತದೆ. ಹೆಗಲ ಮೇಲೆ ಶವ, ಕೈಯಲ್ಲಿ ಕತ್ತಿ ಹಿಡಿದ ರಾಜನ ಚಿತ್ರ ಹೇಗೂ ಇದೆ. ಅದನ್ನು ಬರೆದ ಶಂಕರ್, ಕೆ.ಸಿ. ಶಿವಶಂಕರನ್, 2020ರಲ್ಲಿ ತೀರಿಕೊಂಡರು. ಇಂಥ ಕೆಲಸಕ್ಕೆ ಹೊಸ ಒಳ್ಳೆ ಪ್ರತಿ ಬೇಕಾಗಿಲ್ಲ. ಗೀಚಿದ, ಮುದ್ರೆ ಬಿದ್ದ, ಮೂಲೆ ಹೋದ ಜೋಡಿಯೇ ಮೇಲು, ಪೆನ್ಸಿಲಿನಿಂದ ಅಡಿಗೆರೆ ಎಳೆದರೂ ನಿನ್ನ ಹೊಟ್ಟೆ ಉರಿಯುವುದಿಲ್ಲ.

ಇಷ್ಟು ತೆಗೆದ ಮೇಲೆ ಉಳಿದದ್ದು ನಿಜವಾದ ಡಬಲ್. ಅವನ್ನು ಮಾರಲು ಅಬಿಡ್ಸ್‌ಗೆ ಹೊತ್ತುಕೊಂಡು ಹೋಗಬೇಡ. ಅಲ್ಲಿ ಪುಸ್ತಕ ನೋಡಿ ಬೆಲೆ ಕಟ್ಟುವುದಿಲ್ಲ, ಕಟ್ಟಿನ ದಪ್ಪ ನೋಡಿ ಕಟ್ಟುತ್ತಾರೆ. ಆಟೋ ಬಾಡಿಗೆ ಗಿಟ್ಟಿದರೆ ಪುಣ್ಯ. ಮೊದಲು ಒಂದು ಹಾಳೆಯಲ್ಲಿ ವರ್ಷ, ತಿಂಗಳು, ಸ್ಥಿತಿ ಬರೆದು ಪಟ್ಟಿ ಮಾಡು. ಹಾಳೆಯ ಬೆನ್ನಿಗೆ ನಿನ್ನಲ್ಲಿ ಇಲ್ಲದ ಸಂಚಿಕೆಗಳ ಪಟ್ಟಿ. ಸಂಗ್ರಹ ಮಾಡುವವರಲ್ಲಿ ಅದಲುಬದಲಿನಂಥ ವ್ಯವಹಾರ ಇನ್ನೊಂದಿಲ್ಲ. ಧಾರಾವಾಹಿಯ ನಡುವೆ ಒಂದು ಕಂತು ಇಲ್ಲದೆ ಒದ್ದಾಡುವವನಿಗೆ ನಿನ್ನ ಕೆಲಸಕ್ಕೆ ಬಾರದ ಪ್ರತಿ ಬೇಕೇ ಬೇಕು. ಹಣ ಕೇಳಿದರೆ ಅವನು ಚೌಕಾಸಿ ಮಾಡುತ್ತಾನೆ, ಸಂಚಿಕೆ ಕೇಳಿದರೆ ಸುಮ್ಮನೆ ಕೊಡುತ್ತಾನೆ.

ಆಮೇಲೆ ಮಕ್ಕಳು. ಕನ್ನಡದವುಗಳಿಗೆ ಗಡಿ ದಾಟಿದರೆ ಸಾಕು: ಕರ್ನಾಟಕದ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಮಕ್ಕಳನ್ನು ಕೂರಿಸಿ ಓದಿಸುವ ‘ಓದುವ ಬೆಳಕು’ ಕಾರ್ಯಕ್ರಮ 2020ರಿಂದ ಇದೆ. ಸೇಡಂ ಕಡೆ ಹೋಗುವ ಯಾರ ಕೈಯಲ್ಲಾದರೂ ಒಂದು ಕಟ್ಟು ಕೊಟ್ಟುಬಿಡು. ಹೈದರಾಬಾದಿನಲ್ಲೇ ಆಗಬೇಕೆಂದರೆ ಕಾಚಿಗುಡದಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ. ಮೊದಲು ಕೇಳು, ಬೇಕು ಅಂದರೆ ಒಯ್ಯು; ಕೇಳದೆ ಒಯ್ದು ಬಾಗಿಲಲ್ಲಿ ಇಟ್ಟು ಬರುವುದು ದಾನವಲ್ಲ, ನಿನ್ನ ಕಸವನ್ನು ಅವರ ಅಂಗಳಕ್ಕೆ ಗುಡಿಸುವುದು. ತೆಲುಗಿನವನ್ನು ನಮ್ಮೂರ ಕಟಿಂಗ್ ಅಂಗಡಿಗಳಿಗೆ ಹಂಚು. ಸರದಿ ಕಾಯುವ ಹುಡುಗರ ಕೈಯಲ್ಲಿ ಫೋನ್ ಇರುತ್ತದೆ, ನಿಜ. ಆದರೂ ಬೆಂಚಿನ ಮೇಲೆ ಬಣ್ಣದ ಪುಟ ತೆರೆದು ಬಿದ್ದಿದ್ದರೆ ಕೈ ಹೋಗುತ್ತದೆ, ನಾನು ನೋಡಿದ್ದೇನೆ. ಅವು ವಾಪಸು ಬರುವುದಿಲ್ಲ. ಬರಬಾರದು ಎಂದೇ ಕೊಡುವುದು.

ಅಂಚೆಯ ವಿಚಾರ ಸ್ವಲ್ಪ ಗಮನವಿರಲಿ. ನಮ್ಮ ಕಾಲದ ರಿಜಿಸ್ಟರ್ಡ್ ಬುಕ್ ಪೋಸ್ಟ್ 2024ರ ಡಿಸೆಂಬರಿನಲ್ಲಿ ನಿಂತುಹೋಯಿತು. ಅದರ ಜಾಗಕ್ಕೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ: 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋಕ್ಕೆ 100 ರೂಪಾಯಿ, ತೆರಿಗೆ ಬೇರೆ. ಅಮರ ಚಿತ್ರಕಥೆಯಂಥ ಪುಸ್ತಕಗಳನ್ನು ಅದರಲ್ಲಿ ಕೇಳಿನೋಡು. ನಿಯತಕಾಲಿಕಗಳಿಗೆ ಆ ಸವಲತ್ತು ಇಲ್ಲ, ಚಂದಮಾಮವನ್ನು ಪಾರ್ಸೆಲ್ಲಿಗೇ ಹಾಕಬೇಕು. ಕಟ್ಟುವಾಗ ಮೇಲೆ ಕೆಳಗೆ ರಟ್ಟು ಇಟ್ಟು ಕಟ್ಟು, ದಾರ ನೇರ ಪುಸ್ತಕದ ಅಂಚಿಗೆ ತಾಗಿದರೆ ತಲುಪುವಷ್ಟರಲ್ಲಿ ಎಲ್ಲ ಪ್ರತಿಗೂ ಒಂದೇ ಜಾಗದಲ್ಲಿ ಗಾಯವಾಗಿರುತ್ತದೆ.

ಇನ್ನು ಗೆದ್ದಲು ತಿಂದದ್ದು, ಪುಟ ಇಲ್ಲದ್ದು, ಮುಟ್ಟಿದರೆ ಪುಡಿಯಾಗುವುದು. ಅವು ರದ್ದಿಗೆ. ಅದರಲ್ಲಿ ಸಂಕಟ ಪಡುವುದೇನೂ ಇಲ್ಲ. ಹುಳ ಹತ್ತಿದ ಒಂದು ಪ್ರತಿಯನ್ನು ಮಮತೆಯಿಂದ ಸಂದೂಕಿನಲ್ಲಿ ಇಟ್ಟರೆ ಅದು ಒಳ್ಳೆಯ ಹತ್ತನ್ನು ಜೊತೆಗೆ ಕರೆದುಕೊಂಡು ಹೋಗುತ್ತದೆ. ಉಳಿಸಿಕೊಂಡವನ್ನೂ ಫರ್ಸಿ ನೆಲದ ಮೇಲೆ ಇಡಬೇಡ. ಸಂದಿಯಿಂದ ಗೆದ್ದಲು ಏಳುತ್ತದೆ, ಮಳೆಗಾಲದಲ್ಲಿ ತಂಪು ಹಿಡಿಯುತ್ತದೆ. ಗೋಡೆಗೆ ತಾಗದ ಹಾಗೆ ಕಾಲಿರುವ ಕಪಾಟಿನಲ್ಲಿ ಇಡು.

ಅದಲುಬದಲಿಗೆ ಕೂತಾಗ ಎದುರಿನವನು ತನ್ನ ಡಬಲ್ ಪ್ರತಿಗಳನ್ನೂ ‘ಇರಲಿ, ಇಟ್ಟುಕೊಳ್ಳಿ’ ಎಂದು ಮೇಲೆ ಹಾಕುತ್ತಾನೆ. ನಿನ್ನ ಪಟ್ಟಿಯ ಬೆನ್ನಿಗೆ ಇಲ್ಲದ್ದನ್ನು ಪುಕ್ಕಟೆ ಕೊಟ್ಟರೂ ತೆಗೆದುಕೊಳ್ಳಬೇಡ. ಎಂ.ಟಿ.ವಿ. ಆಚಾರ್ಯರು ಬರೆದ ಮಹಾಭಾರತದ ಚಿತ್ರ ಮುಖಪುಟದಲ್ಲಿರುವ ಕನ್ನಡ ಚಂದಮಾಮವನ್ನು ಅವನು ಹೊರಗೆ ತೆಗೆದರೆ ಮಾತ್ರ, ಉತ್ತರ ಕೊಡುವ ಮೊದಲು ನನಗೊಂದು ಫೋನ್ ಮಾಡು.