ಅಕ್ಷಯನೀವಿ: ಮೂಲಧನ ಮತ್ತು ಆದಾಯದ ವಿಭಜನೆ

ಯಾವುದು ಮೂಲಧನ, ಯಾವುದು ಆದಾಯ, ಯಾವ ವೆಚ್ಚವನ್ನು ಯಾವುದರಿಂದ ಭರಿಸಬೇಕು? ಇಂದಿನ ಟ್ರಸ್ಟುಗಳ ಧರ್ಮದರ್ಶಿಗಳು ಎದುರಿಸುವ ಈ ಪ್ರಶ್ನೆಯನ್ನು ದತ್ತಿಶಾಸನಗಳೂ ಎದುರಿಸಿವೆ. ದಾನಿಯ ವಂಶ, ತೇದಿಗಳಿಗೆ ಸಂದ ಗಮನ ಈ ಲೆಕ್ಕಕ್ಕೆ ಅಷ್ಟಾಗಿ ಸಂದಿಲ್ಲ.

ನಾಸಿಕದ ಹತ್ತನೆಯ ಗುಹೆಯಲ್ಲಿರುವ, ನಹಪಾನನ ಅಳಿಯ ಉಷವದಾತನ ಪ್ರಾಕೃತ ಶಾಸನವನ್ನು ನೋಡಬಹುದು. ಭಿಕ್ಷುಸಂಘಕ್ಕೆ ಅಕ್ಷಯನೀವಿಯಾಗಿ ಕೊಟ್ಟ 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರ ಶ್ರೇಣಿಗಳಲ್ಲಿ ಇರಿಸಲಾಯಿತು. 2000ಕ್ಕೆ ತಿಂಗಳಿಗೆ ನೂರಕ್ಕೆ 1, ಉಳಿದ 1000ಕ್ಕೆ ಮುಕ್ಕಾಲು ಬಡ್ಡಿ. ಮೊದಲ ಮೊತ್ತದ ವರ್ಷದ ಬಡ್ಡಿ 240; ಗುಹೆಯಲ್ಲಿ ಮಳೆಗಾಲ ಕಳೆಯುವ 20 ಭಿಕ್ಷುಗಳಿಗೆ ತಲಾ 12ರಂತೆ ಚೀವರದ ವೆಚ್ಚವೂ 240. ಒಂದು ಕಾರ್ಷಾಪಣವೂ ಮಿಗುವುದಿಲ್ಲ. ಅಸಲನ್ನು ಹಿಂದಿರುಗಿಸತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬುದು ಕಟ್ಟಳೆ. ಆದರೆ ಬಟ್ಟೆಯ ಬೆಲೆ ಏರಿದರೆ? ಶ್ರೇಣಿಯೇ ಮುರಿದುಬಿದ್ದರೆ? ಅದಕ್ಕೆ ಏರ್ಪಾಡಿಲ್ಲ. ಅಕ್ಷಯವಾದದ್ದು ನಾಣ್ಯದ ಎಣಿಕೆ, ಚೀವರವಲ್ಲ.

ಕಲ್ಯಾಣ ಚಾಲುಕ್ಯ, ಹೊಯ್ಸಳ ಕಾಲದ ಕನ್ನಡ ಶಾಸನಗಳ ಭೂದಾನಗಳಲ್ಲಿ ಸ್ಥಿತಿ ಬೇರೆ. ಅಲ್ಲಿ ನೆಲವೇ ಮೂಲಧನ. ಅದನ್ನು ಅಪಹರಿಸಿದವನು ಅರವತ್ತು ಸಾವಿರ ವರ್ಷ ಕ್ರಿಮಿಯಾಗುವನೆಂಬ ಶಾಪ ಅದರ ಕಾವಲು. ಬೆಳೆ ಧಾನ್ಯರೂಪದಲ್ಲಿಯೇ ಬರುವಾಗ ಬೆಲೆಯೇರಿಕೆಯ ಪೆಟ್ಟು ಕಡಿಮೆ, ಬರಗಾಲದ್ದು ಹೆಚ್ಚು. ಅಂಗಭೋಗ, ತಪೋಧನರ ಆಹಾರದಾನ, ಖಂಡಸ್ಫುಟಿತ ಜೀರ್ಣೋದ್ಧಾರ ಇವೆಲ್ಲ ಆ ಹುಟ್ಟುವಳಿಯ ಮೇಲೆಯೇ ಬೀಳುತ್ತವೆ. ಅನೇಕ ಶಾಸನಗಳು ಇವುಗಳನ್ನು ಸಾಲಾಗಿ ಹೇಳುತ್ತವೆಯೇ ಹೊರತು ಪಾಲು ಗೊತ್ತುಮಾಡುವುದಿಲ್ಲ. ಶಿಖರ ಬಿರುಕುಬಿಟ್ಟ ವರ್ಷ ತಪೋಧನರ ಊಟವನ್ನು ಎಷ್ಟು ತಗ್ಗಿಸಬೇಕೆಂಬುದು ಸ್ಥಾನಾಚಾರ್ಯನ ವಿವೇಚನೆಗೆ ಉಳಿದಿರಬೇಕು. ರೂಢಿಯ ಒಕ್ಕಣೆಯೆಂದು ನಾವು ದಾಟಿಹೋಗುವ ಜೀರ್ಣೋದ್ಧಾರದ ಮಾತು ಹೀಗೆ ಆದಾಯದ ಮೇಲೆ ಹೊರಿಸಿದ ಒಂದು ಬಾಬ್ತು.