ಪರಿಚಯ ಬೆಳೆಸುವುದು ಹೇಗೆ?

ಪ್ರಶ್ನೆ: ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಅಪ್ಪ ರೈತರು, ಬೆಂಗಳೂರಿನಲ್ಲಿ ಪರಿಚಯದವರಿಲ್ಲ. ಲಿಂಕ್ಡ್‌ಇನ್‌ನಲ್ಲಿ ಕೆಲಸ ಕೇಳಿದರೆ ಯಾರೂ ಉತ್ತರಿಸುವುದಿಲ್ಲ. ಒಬ್ಬರು ಇಂಟರ್ನ್‌ಶಿಪ್‌ಗೆ 8,000 ರೂಪಾಯಿ ಕೇಳಿದ್ದಾರೆ. ಕೊಡಲೇ?

ಉತ್ತರ: ಕೊಡಬೇಡಿ. ಈಗಾಗಲೇ ಕೊಟ್ಟು ಮೋಸವಾಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಗುರುತಿಲ್ಲದವರ ಹತ್ತಿರ ನೇರವಾಗಿ ಕೆಲಸ ಕೇಳಿದರೆ ಅವರಾದರೂ ಏನು ಹೇಳಿಯಾರು? ಮೊದಲು ಮಾಹಿತಿ ಕೇಳಿ. ಲಿಂಕ್ಡ್‌ಇನ್‌ನಲ್ಲಿ ನಿಮ್ಮ ಕಾಲೇಜಿನ ಪುಟ ತೆರೆದರೆ ಹಳೆಯ ವಿದ್ಯಾರ್ಥಿಗಳ ವಿಭಾಗ ಸಿಗುತ್ತದೆ. ಊರು, ಕಂಪನಿಯ ಪ್ರಕಾರ ಸೋಸಬಹುದು. ಎರಡು-ಮೂರು ವರ್ಷದ ಹಿಂದೆ ಮುಗಿಸಿದವರನ್ನೇ ಆರಿಸಿ. ದೊಡ್ಡ ಮ್ಯಾನೇಜರ್‌ಗಳಿಗಿಂತ ಇವರಿಗೆ ನಿಮ್ಮ ಕಷ್ಟ ಇನ್ನೂ ನೆನಪಿರುತ್ತದೆ.

ಹೀಗೆ ಬರೆಯಿರಿ: "ಸರ್, ನಾನು ನಿಮ್ಮದೇ ವಿಭಾಗದ ಐದನೇ ಸೆಮಿಸ್ಟರ್ ವಿದ್ಯಾರ್ಥಿ. ಡಿಸೈನ್ ಕೆಲಸಕ್ಕೆ ಯಾವ ಸಾಫ್ಟ್‌ವೇರ್ ಮೊದಲು ಕಲಿಯಲಿ? ಹತ್ತು ನಿಮಿಷ ಮಾತಾಡಬಹುದೇ?" ಉತ್ತರ ಬಾರದಿದ್ದರೆ ವಾರದ ನಂತರ ಒಮ್ಮೆ ನೆನಪಿಸಿ, ಅಲ್ಲಿಗೆ ಬಿಡಿ. ಮಾತಾಡಿದವರಿಗೆ ತಿಂಗಳು ಬಿಟ್ಟು "ನೀವು ಹೇಳಿದ್ದನ್ನು ಕಲಿತೆ, ಇದು ನಾನು ಮಾಡಿದ ಮಾಡೆಲ್" ಎಂದು ಕಳಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಕೆಲಸ ಬೇಕಾದಾಗ ಮಾತ್ರ ನೆನಪಿಸಿಕೊಳ್ಳುತ್ತಾರೆ.

ಹತ್ತಿರದವರನ್ನು ಮರೆಯಬೇಡಿ. ವರ್ಕ್‌ಶಾಪ್ ಇನ್‌ಸ್ಟ್ರಕ್ಟರ್, ಪ್ರಾಜೆಕ್ಟ್ ಗೈಡ್, ಕೈಗಾರಿಕಾ ಪ್ರದೇಶದ ಸಣ್ಣ ಘಟಕಗಳ ಮಾಲೀಕರು, ಎಲ್ಲರೂ ಪರಿಚಯದವರೇ. ಕಾಲೇಜಿನಲ್ಲಿ ವಾಹನ ಎಂಜಿನಿಯರಿಂಗ್‌ನ ಎಸ್‌ಎಇ ಕ್ಲಬ್ ಇದ್ದರೆ ಸೇರಿ. ಎಐಸಿಟಿಇ ಇಂಟರ್ನ್‌ಶಿಪ್ ಪೋರ್ಟಲ್‌ನಲ್ಲೂ ಹುಡುಕಿ.

ಯಾವುದೇ ಆಫರ್ ಲೆಟರ್ ಬಗ್ಗೆ ಅನುಮಾನ ಬಂದರೆ ಸಹಿ ಹಾಕುವ ಮೊದಲು ಪ್ಲೇಸ್‌ಮೆಂಟ್ ಅಧಿಕಾರಿಗೆ ತೋರಿಸಿ. ಮೂಲ ಅಂಕಪಟ್ಟಿಯನ್ನಂತೂ ಯಾರ ಕೈಗೂ ಕೊಡಬೇಡಿ.