ತಪ್ಪು ಮಾಡಿದ ಹುಡುಗ ಬಾಗಿಲು ತಟ್ಟಿದಾಗ



"ಆ ಹುಡುಗ ಕೈಮೀರಿ ಹೋಗಿದ್ದಾನೆ, ಪೊಲೀಸರಿಗೆ ಕೊಟ್ಟರೇ ಬುದ್ಧಿ ಬರೋದು" ಎಂದು ಊರವರ ಮಕ್ಕಳ ಬಗ್ಗೆ ನಾವು ಹೇಳುತ್ತೇವೆ. ಅದೇ ನಮ್ಮ ಮನೆಯ ಹುಡುಗನಾದರೆ "ಏನೋ ತಿಳೀದೆ ಮಾಡಿದ, ಬಿಟ್ಟುಬಿಡಿ" ಅಂತೀವಿ. ಇವೆರಡೂ ಅಲ್ಲದ ಇನ್ನೊಂದು ದಾರಿಯನ್ನು ಈ ಪಾಠದಲ್ಲಿ ನೋಡೋಣ.

ಕೆನಡಾ ದೇಶದಲ್ಲಿ ಎಲ್ಮೈರಾ ಎಂಬ ಸಣ್ಣ ಪಟ್ಟಣವಿದೆ. 1974ರ ಮೇ ತಿಂಗಳ ಒಂದು ರಾತ್ರಿ ಇಬ್ಬರು ಹುಡುಗರು ಕುಡಿದು ಬೀದಿಗಿಳಿದರು. ಕಾರುಗಳ ಟೈರ್ ಕೊಯ್ದರು, ಕಿಟಕಿಗಳಿಗೆ ಕಲ್ಲೆಸೆದರು, ಯಾರದೋ ದೋಣಿಯನ್ನು ರಸ್ತೆಗೆ ಎಳೆದು ತೂತು ಮಾಡಿದರು. 22 ಕಡೆ ಹಾನಿ. ಒಬ್ಬನಿಗೆ ಆಗ 18 ವರ್ಷ. ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡವನು.

ಇಬ್ಬರೂ ತಪ್ಪೊಪ್ಪಿಕೊಂಡರು. ಜೈಲೇ ಗತಿ ಎಂದುಕೊಂಡಿದ್ದಾಗ ಪ್ರೊಬೇಷನ್ ಅಧಿಕಾರಿಯೊಬ್ಬರು, "ಇವರು ನಷ್ಟವಾದವರ ಮುಖ ನೋಡಲಿ" ಎಂದು ಸಲಹೆ ಕೊಟ್ಟರು. ಕಾನೂನಿನಲ್ಲಿ ಅಂಥದ್ದಿಲ್ಲ ಎಂದ ನ್ಯಾಯಾಧೀಶರು ಆಮೇಲೆ ಒಪ್ಪಿದರು.

ಹುಡುಗರು ಮನೆಮನೆಗೆ ಹೋದರು. ಅಧಿಕಾರಿಗಳು ಪುಸ್ತಕ ಹಿಡಿದು ಹಿಂದೆ ನಿಂತರು, ಅಷ್ಟೇ. ಬಾಗಿಲು ತಟ್ಟಬೇಕಾದವರು, "ನಾವೇ ಮಾಡಿದ್ದು" ಅನ್ನಬೇಕಾದವರು ಹುಡುಗರೇ. ಕೆಲವರು ಕ್ಷಮಿಸಿದರು. ಕೆಲವರಿಗೆ ಹಿಡಿದು ಬಾರಿಸುವಷ್ಟು ಸಿಟ್ಟು. ಜೀವನದಲ್ಲಿ ತಾನು ಮಾಡಿದ ಅತಿ ಕಷ್ಟದ ಕೆಲಸಗಳಲ್ಲಿ ಅದೂ ಒಂದು ಎಂದು ಆ 18ರ ಹುಡುಗ ದೊಡ್ಡವನಾದ ಮೇಲೆ ಹೇಳಿದ್ದಾನೆ. ನಮಗೂ ಹಾಗೇ ಅನಿಸುತ್ತದೆ: ದಂಡ ಕಟ್ಟುವಾಗ ಯಾರ ಕಣ್ಣನ್ನೂ ನೋಡಬೇಕಿಲ್ಲವಲ್ಲ!

ಒಟ್ಟು ನಷ್ಟ ಸುಮಾರು 2,200 ಡಾಲರ್. ಅರ್ಧದಷ್ಟು ವಿಮೆಯಿಂದ ಬಂದಿತ್ತು. ಉಳಿದದ್ದನ್ನು ಹುಡುಗರು ಕೆಲವೇ ತಿಂಗಳಲ್ಲಿ ಅವೇ ಬಾಗಿಲುಗಳಿಗೆ ಮತ್ತೆ ಹೋಗಿ ಕೊಟ್ಟುಬಂದರು. ನ್ಯಾಯಾಲಯದ ದಂಡ ಬೇರೆ. ಹಲವು ವರ್ಷಗಳ ಬಳಿಕ ಅದೇ ಹುಡುಗ ಕಾಲೇಜು ಸೇರಿದಾಗ, ಪಾಠಕ್ಕೆ ಬಂದವರು ಹೇಳಿದ್ದು ತನ್ನದೇ ಕಥೆ ಎಂದು ತಿಳಿದು ಬೆರಗಾದ. ಮುಂದೆ ಇಂಥ ಮಾತುಕತೆ ನಡೆಸುವ ಸಂಸ್ಥೆಯಲ್ಲೇ ಸ್ವಯಂಸೇವಕನಾದ.

ನಮ್ಮಲ್ಲಿ ಹೇಗೆ? 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ 18 ತುಂಬದವರನ್ನು ಲಾಕಪ್ಪಿಗಾಗಲೀ ಜೈಲಿಗಾಗಲೀ ಹಾಕುವಂತಿಲ್ಲ. ವಿಷಯ ಬಾಲನ್ಯಾಯ ಮಂಡಳಿಗೆ ಹೋಗಬೇಕು. ಅಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ. ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆಯೇ ಆಗಿರಬೇಕು. ಬುದ್ಧಿ ಹೇಳಿ ಮನೆಗೆ ಕಳಿಸುವುದು, ಆಪ್ತಸಲಹೆ, ಸಮುದಾಯ ಸೇವೆ ಇವೆಲ್ಲ ಮಂಡಳಿಯ ಕೈಯಲ್ಲಿವೆ. ಪೋಲಿಸ್ ಠಾಣೆಯಿಂದ ಕರೆ ಬಂದಾಗ ಹೆದರಿ ಯಾರಿಗೋ ದುಡ್ಡು ಸುರಿಯುವ ಮೊದಲು ಇದನ್ನು ನೆನಪಿಡಿ. ಸಹಾಯಕ್ಕೆ 1098.

ಒಂದು ಎಚ್ಚರಿಕೆ. ನಷ್ಟವಾದವರನ್ನು "ಕ್ಷಮಿಸಿಬಿಡಿ" ಎಂದು ಒತ್ತಾಯಿಸುವುದು ಈ ದಾರಿಯಲ್ಲ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯವನ್ನು ಊರ ರಾಜಿಯಲ್ಲಿ ಮುಚ್ಚಿಹಾಕುವುದಂತೂ ಅಲ್ಲವೇ ಅಲ್ಲ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯವಾದರೆ ಪೊಲೀಸರಿಗೆ ತಿಳಿಸಲೇಬೇಕು.

ಸಭೆಯಲ್ಲಿ ಮಾತಾಡಿಕೊಳ್ಳಿ: ನಿಮ್ಮ ಅಂಗಡಿಯ ಗಾಜು ಒಡೆದ ಹುಡುಗ ನಾಳೆ ಬೆಳಿಗ್ಗೆ ಬಾಗಿಲಿಗೆ ಬಂದು ನಿಂತರೆ, ನೀವು ಮೊದಲು ಏನು ಕೇಳ್ತೀರಿ? ಅವನು ನಿಮ್ಮ ಮಗನೇ ಆಗಿದ್ದರೆ, ಅವನ ಜೊತೆ ಆ ಬಾಗಿಲವರೆಗೆ ಹೋಗ್ತೀರಾ?